ಓದುಗರ ಪ್ರಶ್ನೆ, ನಮ್ಮ ಉತ್ತರ: ಎತ್ತಿನಗಾಡಿ ಮೇಲಿದ್ದ ಆ್ಯಪಲ್

ಹೋದ ಸಂಚಿಕೆಯಲ್ಲಿ ಮನೆ ಮೇಲಿನ ಟಿವಿ ಡಿಶ್ ಯಾಕೆ ಅಲ್ಲಾಡದೆ ಆಕಾಶದ ಒಂದೇ ಕಡೆ ನೋಡ್ತಾ ಕೂತಿರುತ್ತೆ ಅನ್ನೋದಕ್ಕೆ ಉತ್ತರ ಬರೆದಿದ್ದೆ, ಕೊನೇಲಿ ಒಂದು ಸಾಲು ನಮ್ಮ ಇಸ್ರೋದವರು ಕಟ್ಟಿದ ಆ್ಯಪಲ್ ಅನ್ನೋ ಸ್ಯಾಟಲೈಟ್ ಬಗ್ಗೆಯೂ ಸೇರಿಸಿದ್ದೆ. ಡಿಶ್ ವಿಷಯ ಯಾರೂ ಕೇಳಿಲ್ಲ, ಬಂದಿರೋ ಪತ್ರ, ಮೇಲ್, ವಾಟ್ಸಾಪ್ ಎಲ್ಲಾ ಆ ಒಂದು ಸಾಲಿನ ಮೇಲೇನೇ. ಹಂಗಾಗಿ ಈ ಸಲ ಇಡೀ ಅಂಕಣ ಅದಕ್ಕೇ ಕೊಟ್ಟುಬಿಟ್ಟಿದ್ದೀನಿ, ಬೇರೆ ಪ್ರಶ್ನೆ ಕಳಿಸಿದೋರು ಬೇಜಾರು ಮಾಡ್ಕೋಬೇಡಿ, ಮುಂದಿನ ಸಂಚಿಕೇಲಿ ಬರುತ್ತೆ.

ಎತ್ತಿನಗಾಡಿ ಮೇಲೆ ಸ್ಯಾಟಲೈಟ್ ಇರೋ ಫೋಟೋ ನಮ್ಮ ಗ್ರೂಪಲ್ಲಿ ತಿಂಗಳಿಗೊಂದು ಸಲ ಬರುತ್ತೆ. ‘ಲಾರಿ ತರೋಕೂ ದುಡ್ಡಿರ್ಲಿಲ್ಲ, ಗಾಡೀಲಿ ಸಾಗಿಸಿದ್ರು’ ಅಂತ ಕೆಳಗೆ ಬರೆದಿರ್ತಾರೆ. ಇದು ನಿಜಾನಾ? (ಚನ್ನರಾಯಪಟ್ಟಣದ ಓದುಗರು)

ಫೋಟೋ ನಿಜ, ಕೆಳಗಿರೋ ಬರಹ ತಪ್ಪು. ನೀವು ಕೇಳಿದ್ದು ತುಂಬಾ ಒಳ್ಳೇದಾಯ್ತು, ಯಾಕಂದ್ರೆ ಆ ಬರಹ ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತೆ.

ಅದು 1981ರಲ್ಲಿ ಹಾರಿದ ಆ್ಯಪಲ್, ನಮ್ಮ ಬೆಂಗಳೂರಲ್ಲೇ ಕಟ್ಟಿದ್ದು. ಸ್ಯಾಟಲೈಟ್‌ನಲ್ಲಿ ಟಿವಿ ಫೋನು ಕಳಿಸೋ ಆಂಟೆನಾ ಒಂದಿದ್ರೆ, ಭೂಮಿಯಿಂದ ‘ಹಿಂಗೆ ತಿರುಗು, ಇದನ್ನ ಆನ್ ಮಾಡು’ ಅಂತ ಹೇಳೋ ಆರ್ಡರ್ ಕೇಳಿಸ್ಕೊಳ್ಳೋಕೆ ಮತ್ತೆ ‘ನನ್ನ ಬ್ಯಾಟರಿ ಇಷ್ಟಿದೆ, ಮೈ ಇಷ್ಟು ಬಿಸಿ ಇದೆ’ ಅಂತ ವಾಪಸ್ ಹೇಳೋಕೆ ಬೇರೆ ಆಂಟೆನಾ ಇರುತ್ತೆ. ಇದು ಅದರ ಕಿವಿ ಬಾಯಿ ಎರಡೂ. ಇದು ಕೆಟ್ರೆ ಮುಗೀತು, ಮೇಲಿರೋದು ಬರೀ ಒಂದು ಕಬ್ಬಿಣದ ಡಬ್ಬ. ಹಂಗಾಗಿ ಹಾರಿಸೋ ಮುಂಚೆ ಈ ಆಂಟೆನಾ ಯಾವ ದಿಕ್ಕಿಗೆ ಎಷ್ಟು ಚೆನ್ನಾಗಿ ಕೇಳುತ್ತೆ, ಎಲ್ಲಿ ಮಂದ ಆಗುತ್ತೆ ಅಂತ ಸುತ್ತಾ ಅಳೀಬೇಕು, ಅದೂ ಸ್ಯಾಟಲೈಟ್ ಮೈಗೆ ಜೋಡಿಸಿಯೇ ಅಳೀಬೇಕು, ಯಾಕಂದ್ರೆ ಆ ಮೈಯೇ ಅಲೆಗಳನ್ನ ಸ್ವಲ್ಪ ಆಚೀಚೆ ಮಾಡಿಬಿಡುತ್ತೆ.

ಇಲ್ಲೇ ತೊಂದರೆ ಬರೋದು. ರೇಡಿಯೋ ಅಲೆಗೆ ಲೋಹ ಅಂದ್ರೆ ಕನ್ನಡಿ ಇದ್ದ ಹಾಗೆ. ಲಾರಿ ಮೇಲಿಟ್ಟು ಅಳೆದ್ರೆ ಲಾರಿಯ ತಗಡಿಗೆ ಬಡಿದು ವಾಪಸ್ ಬರೋ ಅಲೆ ನೇರವಾಗಿ ಬರೋ ಅಲೆ ಜೊತೆ ಸೇರ್ಕೊಂಡು ಮೀಟರ್ ಸುಳ್ಳು ಹೇಳೋಕೆ ಶುರು ಮಾಡುತ್ತೆ. ಬಾವಿಗೆ ಬಗ್ಗಿ ಕೂಗಿದ್ರೆ ನಮ್ಮ ದನಿ ನಮಗೇ ದಪ್ಪಗೆ ಬೇರೆ ಥರ ಕೇಳುತ್ತಲ್ಲ, ಹಂಗೆ. ಆಕಾಶದಲ್ಲಿ ಬಾವಿ ಗೋಡೆ ಇರಲ್ಲ, ಹಂಗಾಗಿ ಇಲ್ಲಿ ಟೆಸ್ಟ್ ಮಾಡೋವಾಗಲೂ ಇರಬಾರದು. ಇವತ್ತು ಇದಕ್ಕೆ ಅಂತಲೇ ಗೋಡೆ ತುಂಬಾ ಚೂಪು ಚೂಪು ಸ್ಪಂಜು ಅಂಟಿಸಿರೋ ದೊಡ್ಡ ರೂಮುಗಳಿವೆ, ಅಲೆಗಳನ್ನ ಅವು ನುಂಗಿಬಿಡ್ತವೆ. ಆ್ಯಪಲ್ ತಂಡ ಕೆಲಸ ಮಾಡ್ತಿದ್ದದ್ದು ಪೀಣ್ಯದ ಇಂಡಸ್ಟ್ರಿಯಲ್ ಶೆಡ್ಡುಗಳಲ್ಲಿ, ಇರೋ ಸೌಕರ್ಯ ಅಷ್ಟಕ್ಕಷ್ಟೇ. ಹೊರಗಡೆ ಬಯಲು, ತಗಡಿಲ್ಲದ ಮರದ ವೇದಿಕೆ, ಅದು ಬೇಕಾದ ಕಡೆ ಹೋಗಬೇಕು, ಇಂಜಿನ್ ಇರಬಾರದು, ಅಂದ್ರೆ ಕಿಡಿ ಹಾರಿ ಗರಗರ ಅಂತ ಸಿಗ್ನಲ್ ಕೆಡಿಸಬಾರದು. ಇಷ್ಟೂ ಒಟ್ಟಿಗಿರೋ ವಸ್ತು ಯಾವುದು ಹೇಳಿ? ನಮ್ಮ ಊರಿನ ಪ್ರತಿ ಹಟ್ಟೀಲೂ ನಿಂತಿತ್ತು.

ಅದನ್ನ ಯೋಚಿಸಿದವರ ತಲೆ ದೊಡ್ಡದು. ಆ್ಯಪಲ್‌ನ ಪ್ರಾಜೆಕ್ಟ್ ಡೈರೆಕ್ಟರ್ ಆಗಿದ್ದವರು ಆರ್.ಎಂ. ವಾಸಗಂ, ಬೆಂಗಳೂರಿನ ಉಪಗ್ರಹ ಕೇಂದ್ರದ ಮುಖ್ಯಸ್ಥರು ನಮ್ಮ ಉಡುಪಿ ಹತ್ತಿರ ಅದಮಾರಿನ ಯು.ಆರ್. ರಾವ್, ಇಸ್ರೋ ಅಧ್ಯಕ್ಷರು ಸತೀಶ್ ಧವನ್. ಕೈಯಲ್ಲಿದ್ದ ಸಮಯ ಸುಮಾರು ಎರಡು ವರ್ಷ. ದಯವಿಟ್ಟು ಆ ಫೋಟೋ ಮತ್ತೆ ಬಂದಾಗ ಇದನ್ನ ಅಲ್ಲಿ ಬರೀರಿ.

ನಾನು ಗಾಡಿ ಕಟ್ಟಿ ಬೆಳೆದವನು. ಚಕ್ರಕ್ಕೆ ಕಬ್ಬಿಣದ ಪಟ್ಟಿ, ಅಚ್ಚೂ ಕಬ್ಬಿಣ, ಎತ್ತಿನ ಕೊಂಬಿಗೆ ಹಿತ್ತಾಳೆ ಅಣಸು ಬೇರೆ ಇರುತ್ತೆ. ಲೋಹ ಇರಬಾರದು ಅಂದ್ರೆ ಇವೆಲ್ಲ ಅಡ್ಡ ಬರಲ್ವಾ? (ಮಂಡ್ಯ ಹತ್ತಿರದ ರೈತರು, ಫೋನಲ್ಲಿ)

ಈ ಸಲ ಬಂದಿರೋದ್ರಲ್ಲಿ ನನಗೆ ಅತಿ ಇಷ್ಟ ಆದ ಪ್ರಶ್ನೆ ಇದು.

ನಮ್ಮಜ್ಜನ ಗಾಡಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂಕಿ ಮರ, ನೊಗ, ಹಾಸು ಹಲಗೆ ಎಲ್ಲಾ ಮರ, ಹಲಗೆಗಳ ಸಂದೀಲಿ ಕೈ ಹಾಕಿದ್ರೆ ಹಳೇ ಭತ್ತದ ಹೊಟ್ಟು ಸಿಗೋದು. ಕಬ್ಬಿಣ ಅಂದ್ರೆ ಚಕ್ರದ ಪಟ್ಟಿ, ಅಚ್ಚು, ಅಲ್ಲಲ್ಲಿ ಮೊಳೆ. ನೀವು ಹೇಳಿದ್ದು ಸರಿ, ಪೂರ್ತಿ ಲೋಹ ಇಲ್ಲದ ಗಾಡಿ ಇಲ್ಲ. ಆದ್ರೆ ಎಷ್ಟು ಲೋಹ ಇದೆ ಅನ್ನೋದಕ್ಕಿಂತ ಅದರ ಆಕಾರ ಹೆಂಗಿದೆ, ಎಲ್ಲಿದೆ ಅನ್ನೋದು ಮುಖ್ಯ. ಲಾರಿ ತಗಡು ಅಗಲವಾದ ಹಾಳೆ, ಸ್ಯಾಟಲೈಟ್‌ನ ಬುಡಕ್ಕೇ ಇರುತ್ತೆ, ಬಿದ್ದ ಅಲೆ ಎಲ್ಲಾ ವಾಪಸ್ ಎಸೆಯುತ್ತೆ. ಚಕ್ರದ ಪಟ್ಟಿ ತೆಳು, ಅದೂ ಕೆಳಗೆ, ಪಕ್ಕದಲ್ಲಿ, ಅಲ್ಲಿಗೆ ಹೋಗಿ ಬಡಿದು ಬರೋ ಅಲೆ ತೀರಾ ಕಮ್ಮಿ. ದೇವಸ್ಥಾನದ ಹಜಾರದಲ್ಲಿ ಕೂಗಿದ್ರೆ ಪ್ರತಿಧ್ವನಿ ಬರುತ್ತೆ, ಬಯಲಲ್ಲಿ ಒಂದು ಬೇಲಿ ಕಂಬ ಇದ್ರೆ ಬರುತ್ತಾ? ಇಲ್ಲ ತಾನೆ. ಅಣಸಿನ ವಿಷಯಾನೂ ಅಷ್ಟೇ.

ಆ್ಯಪಲ್ ಅಂತ ಹಣ್ಣಿನ ಹೆಸರು ಯಾಕೆ? ನಮ್ಮದು ಆರ್ಯಭಟ, ಭಾಸ್ಕರ, ರೋಹಿಣಿ ಅಂತ ಇತ್ತಲ್ಲ? (ಶಿರಸಿಯ ಒಂಬತ್ತನೇ ಕ್ಲಾಸಿನ ವಿದ್ಯಾರ್ಥಿನಿ)

ಹಣ್ಣಿಗೂ ಇದಕ್ಕೂ ಸಂಬಂಧ ಇಲ್ಲಮ್ಮ. ‘ಏರಿಯಾನ್ ಪ್ಯಾಸೆಂಜರ್ ಪೇಲೋಡ್ ಎಕ್ಸ್‌ಪೆರಿಮೆಂಟ್’ ಅನ್ನೋ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನ ಆರಿಸಿ ಮಾಡ್ಕೊಂಡ ಹೆಸರು. ಏರಿಯಾನ್ ಅಂದ್ರೆ ಯುರೋಪಿನವರ ರಾಕೆಟ್, ನಮ್ಮದು ಅದರಲ್ಲಿ ಪ್ರಯಾಣಿಕ, ಕೆಲಸ ಪ್ರಯೋಗ. ಹೆಸರಲ್ಲೇ ಎಲ್ಲಾ ಇದೆ.

ನಮ್ಮದೇ ರಾಕೆಟ್ ಇತ್ತಲ್ಲ, 1980ರಲ್ಲೇ ರೋಹಿಣಿ ಹಾರಿಸಿದ್ವಲ್ಲ? ಮತ್ತೆ ಯುರೋಪಿನವರ ರಾಕೆಟ್ ಯಾಕೆ ಬೇಕಾಯ್ತು? (ಬಳ್ಳಾರಿಯ ಓದುಗರು)

ನಮ್ಮ ಎಸ್‌ಎಲ್‌ವಿ-3 ರಾಕೆಟ್ 1980ರ ಜುಲೈ 18ಕ್ಕೆ ಕಕ್ಷೆಗೆ ಸೇರಿಸಿದ ರೋಹಿಣಿ 35 ಕೆ.ಜಿ., ಒಂದು ಮೂಟೆ ಅಕ್ಕಿಗಿಂತ ಕಮ್ಮಿ, ಅದೂ ಭೂಮಿಗೆ ಹತ್ತಿರದ ಕಕ್ಷೆಗೆ. ಆ್ಯಪಲ್ ಹಾರೋವಾಗ 670 ಕೆ.ಜಿ., ಹೋಗಬೇಕಿದ್ದದ್ದು 36,000 ಕಿ.ಮೀ. ಎತ್ತರಕ್ಕೆ. ಆಗ ನಮ್ಮ ಹತ್ರ ಅಂಥ ರಾಕೆಟ್ ಇರ್ಲಿಲ್ಲ.

ಯುರೋಪಿನವರು ಏರಿಯಾನ್ ಅನ್ನೋ ಹೊಸ ರಾಕೆಟ್ ಮಾಡ್ತಿದ್ರು, ಇನ್ನೂ ಟೆಸ್ಟ್ ಹಾರಾಟ ನಡೀತಾ ಇತ್ತು, ಅದರಲ್ಲಿ ಫ್ರೀಯಾಗಿ ಜಾಗ ಕೊಡ್ತೀವಿ ಅಂದ್ರು. ಫ್ರೀ ಅಂದ್ರೆ ಅಪಾಯಾನೂ ಜೊತೇಲೇ ಬಂತು. ಮೊದಲನೇ ಏರಿಯಾನ್ 1979ರ ಡಿಸೆಂಬರ್‌ನಲ್ಲಿ ಚೆನ್ನಾಗಿ ಹೋಯ್ತು, ಎರಡನೇದು 1980ರ ಮೇನಲ್ಲಿ ಇಂಜಿನ್ ತೊಂದರೆ ಆಗಿ ಸಮುದ್ರಕ್ಕೆ ಬಿತ್ತು, ಆ್ಯಪಲ್‌ಗೆ ಸಿಕ್ಕಿದ್ದು ಮೂರನೇದು. ನಮ್ಮವರು ಹೋಗ್ತೀವಿ ಅಂದ್ರು. 1981ರ ಜೂನ್ 19, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೂರೂನಿಂದ ಹಾರಿತು.

ಇನ್ನೊಂದು ವಿಷಯ, ಇದನ್ನ ಯಾರೂ ಜಾಸ್ತಿ ಹೇಳಲ್ಲ. ಆ ರಾಕೆಟ್‌ನಲ್ಲಿ ಯುರೋಪಿನ ಹವಾಮಾನ ಉಪಗ್ರಹ ಮೀಟಿಯೋಸ್ಯಾಟ್-2 ಕೂಡ ಇತ್ತು, ಅದು ಕೂತಿದ್ದದ್ದು ಆ್ಯಪಲ್‌ನ ತಲೆ ಮೇಲೆ. ಅಂದ್ರೆ ಪೀಣ್ಯದ ಶೆಡ್ಡಲ್ಲಿ ಕಟ್ಟಿದ ಡಬ್ಬ ರಾಕೆಟ್ಟಿನ ಅಷ್ಟೂ ಕುಲುಕಾಟದಲ್ಲಿ ಇನ್ನೊಬ್ಬರ ಸ್ಯಾಟಲೈಟನ್ನ ಹೆಗಲ ಮೇಲೆ ಹೊತ್ಕೊಂಡು ಹೋಗಬೇಕಿತ್ತು. ಅದು ಸ್ವಲ್ಪ ಬಾಗಿದ್ರೂ ಅವರದ್ದೂ ಹೋಗ್ತಿತ್ತು. ಅವರು ಅಷ್ಟು ನಂಬಿಕೆ ಇಟ್ರು, ನಮ್ಮವರು ಉಳಿಸ್ಕೊಂಡ್ರು.

ಮತ್ತೆ ರಾಕೆಟ್ ಪೂರ್ತಿ ದಾರಿ ಕರ್ಕೊಂಡು ಹೋಗಲ್ಲ, ಒಂದು ತುದಿ ಭೂಮಿ ಹತ್ರ, ಇನ್ನೊಂದು ತುದಿ 36,000 ಕಿ.ಮೀ. ದೂರ ಇರೋ ಉದ್ದ ಮೊಟ್ಟೆ ಆಕಾರದ ಕಕ್ಷೇಲಿ ಬಿಟ್ಟು ಹೋಗುತ್ತೆ. ದೂರದ ತುದೀಲಿ ಇರೋವಾಗ ಸ್ಯಾಟಲೈಟ್ ತನ್ನದೇ ಮೋಟಾರ್ ಉರಿಸಿ ಕಕ್ಷೇನ ದುಂಡಗೆ ಮಾಡ್ಕೋಬೇಕು. ಆ ಮೋಟಾರ್ ಎಲ್ಲಿಂದ ಬಂತು ಗೊತ್ತಾ, ನಮ್ಮ ಎಸ್‌ಎಲ್‌ವಿ-3ರ ನಾಲ್ಕನೇ ಹಂತ ಇತ್ತಲ್ಲ, ಅದನ್ನೇ ತಿದ್ದಿ ತಿರುವನಂತಪುರದಲ್ಲಿ ಮಾಡಿದ್ದು. ಘನ ಇಂಧನ, ಒಂದು ಸಲ ಹತ್ತಿಸಿದ್ರೆ ಆರಿಸೋಕೆ ಆಗಲ್ಲ, ಒಂದೇ ಚಾನ್ಸ್. ಚೆನ್ನಾಗಿ ಉರೀತು. ಹಂಗಾಗಿ ಬಳ್ಳಾರಿಯವರಿಗೆ ನನ್ನ ಉತ್ತರ ಏನಂದ್ರೆ ನಮ್ಮ ರಾಕೆಟ್ಟಿನ ಒಂದು ತುಂಡೂ ಆ್ಯಪಲ್ ಜೊತೆ 36,000 ಕಿ.ಮೀ. ಹೋಗಿದೆ.

ಒಂದು ಸೋಲಾರ್ ಪ್ಯಾನಲ್ ತೆರೀಲೇ ಇಲ್ಲ ಅಂತ ಓದಿದೆ. ಹಾಗಾದ್ರೆ ಮಿಷನ್ ಅರ್ಧಂಬರ್ಧ ಫೇಲ್ ಅಂತಾನೇ ಅಲ್ವಾ? (ಶಿವಮೊಗ್ಗದ ನಿವೃತ್ತ ಬ್ಯಾಂಕ್ ಉದ್ಯೋಗಿ)

ಇಲ್ಲ ಸರ್, ಇದನ್ನ ನಾನು ಒಪ್ಪಲ್ಲ.

ಮೊದಲು ಏನಾಯ್ತು ಅಂತ ನೋಡೋಣ. ಆ್ಯಪಲ್‌ನ ಮೈ ಒಂದು ಡ್ರಮ್ ಥರ, 1.2 ಮೀಟರ್ ಅಗಲ, ಅಷ್ಟೇ ಎತ್ತರ. ಎರಡು ಪಕ್ಕಕ್ಕೂ ಸೋಲಾರ್ ಪ್ಯಾನಲ್ ರೆಕ್ಕೆ, ಹಾರೋವಾಗ ಮಡಚಿ ಮೈಗೆ ಒತ್ತಿ ಕಟ್ಟಿರ್ತಾರೆ, ಮೇಲೆ ಹೋದ್ಮೇಲೆ ಕಟ್ಟು ಬಿಚ್ಚಿ ತೆರ್ಕೋಬೇಕು. ಒಂದು ತೆರೀತು, ಇನ್ನೊಂದು ಹಂಗೇ ಮೈಗೆ ಅಂಟ್ಕೊಂಡು ಉಳೀತು. ಅಲ್ಲಿಗೆ ಹೋಗಿ ಕೈಯಲ್ಲಿ ಎಳೆಯೋಕಂತೂ ಆಗಲ್ಲ.

ಸ್ಯಾಟಲೈಟ್‌ಗೆ ಇಟ್ಟಿದ್ದ ಪವರ್ 210 ವಾಟ್, ಅಂದ್ರೆ ನಮ್ಮ ಮನೆಯ ಮೂರು ಹಳೇ ಸೀಲಿಂಗ್ ಫ್ಯಾನ್ ತಿನ್ನೋವಷ್ಟು, ಅಷ್ಟರಲ್ಲೇ ಎಲ್ಲಾ ನಡೀಬೇಕಿತ್ತು, ಈಗ ಒಂದು ರೆಕ್ಕೇನೇ ಇಲ್ಲ. ಬರೀ ಕರೆಂಟಿನ ಪ್ರಶ್ನೆ ಆಗಿದ್ರೆ ಹೆಂಗೋ ಆಗ್ತಿತ್ತು, ರೆಕ್ಕೆ ಮುಚ್ಕೊಂಡಿರೋ ಪಕ್ಕದಿಂದ ಒಳಗಿನ ಶಾಖ ಸರಿಯಾಗಿ ಹೊರಗೆ ಹೋಗಲ್ಲ, ಆಕಾಶದಲ್ಲಿ ಗಾಳಿ ಇಲ್ಲ, ಶಾಖ ಮೈಯಿಂದ ಹೊರಸೂಸಿಯೇ ಹೋಗಬೇಕು. ಮೇಲಿಂದ ಬಿಸಿಲಿನ ಒತ್ತಡ ಬೇರೆ. ಬೆಳಕಿಗೂ ಒಂದು ಸಣ್ಣ ನೂಕು ಇದೆ, ನಮಗೆ ಗೊತ್ತಾಗಲ್ಲ ಅಷ್ಟು ಸಣ್ಣದು, ಆದ್ರೆ ಒಂದು ಕಡೆ ಮಾತ್ರ ರೆಕ್ಕೆ ಬಿಚ್ಚಿರೋ ಸ್ಯಾಟಲೈಟ್ ಮೇಲೆ ಅದು ಹಗಲೂ ರಾತ್ರಿ ಒಂದೇ ಕಡೆಗೆ ನೂಕ್ತಾ ಇದ್ರೆ ಮೆಲ್ಲಗೆ ವಾಲಿಸುತ್ತೆ. ಒಂದೇ ಕೊಡ ಒಂದು ಪಕ್ಕಕ್ಕೆ ಹೊತ್ಕೊಂಡೋನು ನೆಟ್ಟಗೆ ನಡೀಬೇಕು ಅಂದ್ರೆ ಸೊಂಟ ಇನ್ನೊಂದು ಕಡೆಗೆ ವಾಲಿಸಿ ನಡೀಬೇಕಲ್ಲ, ಅದೇ ಲೆಕ್ಕ.

ಇಂಥಾ ಸ್ಥಿತೀಲಿ ಅದನ್ನ 102 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನಿಲ್ಲಿಸಿ, ಮುಖ ಭೂಮಿಗೆ ತಿರುಗಿಸಿ, ಇರೋ ಕರೆಂಟನ್ನ ತೂಗಿ ತೂಗಿ ಹಂಚಿ 27 ತಿಂಗಳು ಕೆಲಸ ತೆಗೆದ್ರು. 1981ರ ಆಗಸ್ಟ್ 13ಕ್ಕೆ ಪ್ರಧಾನಿ ಇಂದಿರಾ ಗಾಂಧಿ ಇದನ್ನ ದೇಶಕ್ಕೆ ಅರ್ಪಿಸಿದ್ರು, ಅದು ಕೆಲಸ ನಿಲ್ಲಿಸಿದ್ದು 1983ರ ಸೆಪ್ಟೆಂಬರ್ 19ಕ್ಕೆ. ಪ್ರಯೋಗದ ಸ್ಯಾಟಲೈಟ್ ಕಳಿಸೋದೇ ಏನೇನು ಕೆಡುತ್ತೆ, ಕೆಟ್ಟಾಗ ಹೆಂಗೆ ನಡೆಸೋದು ಅಂತ ಕಲಿಯೋಕೆ. ಎರಡೂ ರೆಕ್ಕೆ ಬಿಚ್ಚಿದ್ದಿದ್ರೆ ಕಲಿಕೆ ಸ್ವಲ್ಪ ಕಮ್ಮೀನೇ ಆಗ್ತಿತ್ತು ಅನ್ನೋದು ನನ್ನ ಖಚಿತ ಅಭಿಪ್ರಾಯ. ನೀವು ಬ್ಯಾಂಕಲ್ಲಿ ಇದ್ದೋರು, ಅರ್ಧ ಸ್ಟಾಫ್ ರಜ ಹಾಕಿದ ದಿನ ಬ್ರಾಂಚ್ ನಡೆಸಿದ ಮ್ಯಾನೇಜರಿಗೆ ಬ್ರಾಂಚ್ ಎಷ್ಟು ಗೊತ್ತಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ.

ಆರ್ಯಭಟಕ್ಕೂ ಇದಕ್ಕೂ ಏನು ವ್ಯತ್ಯಾಸ? ಮೂರು ಅಕ್ಷದ ಸ್ಥಿರತೆ ಅಂದ್ರೆ ಏನು? (ದಾವಣಗೆರೆ, ಇಂಜಿನಿಯರಿಂಗ್ ವಿದ್ಯಾರ್ಥಿ)

1975ರ ಏಪ್ರಿಲ್ 19ಕ್ಕೆ ಸೋವಿಯತ್ ರಾಕೆಟ್‌ನಲ್ಲಿ ಹೋದ ಆರ್ಯಭಟಾನೂ ಪೀಣ್ಯದ್ದೇ ಕೂಸು, 360 ಕೆ.ಜಿ. ಅದು ಭೂಮಿ ಹತ್ತಿರ ಸುತ್ತೋದು, ಬುಗುರಿ ಥರ ತನ್ನ ಸುತ್ತಾನೂ ತಿರುಗ್ತಾ ಇತ್ತು. ತಿರುಗೋ ಬುಗುರಿ ಬೀಳಲ್ಲ, ಹಂಗಾಗಿ ಸ್ಥಿರ ಆಗಿರೋಕೆ ಅದು ಸುಲಭದ ದಾರಿ. ಆದ್ರೆ ತಿರುಗೋ ಮೈಗೆ ಡಿಶ್ ಕಟ್ಟಿದ್ರೆ ಡಿಶ್ಶೂ ತಿರುಗುತ್ತೆ, ಮೈಮೇಲೆ ಅಂಟಿಸಿರೋ ಸೋಲಾರ್ ಸೆಲ್‌ಗಳಲ್ಲಿ ಅರ್ಧ ಯಾವಾಗಲೂ ನೆರಳಲ್ಲಿ.

ಆ್ಯಪಲ್‌ನಲ್ಲಿ ಬುಗುರೀನ ಹೊಟ್ಟೆಯೊಳಗೆ ಇಟ್ರು. ಒಳಗೆ ಒಂದು ಚಕ್ರ ಜೋರಾಗಿ ತಿರುಗ್ತಾ ಇರುತ್ತೆ, ಹೊರಗಿನ ಮೈ ಮಾತ್ರ ನೆಟ್ಟಗೆ ನಿಂತು ಭೂಮಿ ಕಡೆಗೇ ನೋಡ್ತಿರುತ್ತೆ, ರೆಕ್ಕೆಗಳು ಬೇರೆ ಮೋಟಾರಲ್ಲಿ ಸೂರ್ಯನ ಕಡೆ ತಿರುಗ್ತಾ ಹೋಗ್ತವೆ. ಮೇಲೆ ಕೆಳಗೆ, ಅಕ್ಕ ಪಕ್ಕ, ತನ್ನ ಸುತ್ತ ಅಂತ ಮೂರೂ ಕಡೆ ವಾಲದ ಹಾಗೆ ನೋಡ್ಕೊಳ್ಳೋದಕ್ಕೇ ಮೂರು ಅಕ್ಷದ ಸ್ಥಿರತೆ ಅನ್ನೋದು. ಹಿಂಗೆ ನಿಲ್ಲೋ ಭೂಸ್ಥಿರ (ಭೂಮಿ ಜೊತೆಗೇ ಸುತ್ತಿ ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ ಕಾಣೋ) ಸಂಪರ್ಕ ಉಪಗ್ರಹ ನಮ್ಮ ದೇಶಕ್ಕೆ ಇದೇ ಮೊದಲನೇದು, ಇವತ್ತಿನ ನಮ್ಮ ಸಂಪರ್ಕ ಸ್ಯಾಟಲೈಟ್‌ಗಳು ನಿಲ್ಲೋದೂ ಹಿಂಗೇನೇ.

ಎರಡು ವರ್ಷ ಅದರಲ್ಲಿ ಮಾಡಿದ್ದೇನು? ಟಿವಿ ತೋರಿಸಿದ್ದಾ? (ಕೋಲಾರದ ಶಿಕ್ಷಕಿ)

ಟಿವಿ, ರೇಡಿಯೋ ಹಂಚೋದೂ ಇತ್ತು, ಆದ್ರೆ ನನಗೆ ರೋಮಾಂಚನ ಆಗೋದು ಉಳಿದಿದ್ದು ನೋಡಿ. ಆ್ಯಪಲ್‌ನಲ್ಲಿ ಇದ್ದದ್ದು ಎರಡು ಟ್ರಾನ್ಸ್‌ಪಾಂಡರ್, ಅಂದ್ರೆ ಕೆಳಗಿಂದ 6 ಗಿಗಾಹರ್ಟ್ಸ್‌ನಲ್ಲಿ ಬಂದ ಸಿಗ್ನಲ್ ಹಿಡ್ಕೊಂಡು 4 ಗಿಗಾಹರ್ಟ್ಸ್‌ಗೆ ಬದಲಾಯಿಸಿ, ಜೋರು ಮಾಡಿ ವಾಪಸ್ ಕಳಿಸೋ ಯಂತ್ರ, ಅದಕ್ಕೆ 0.9 ಮೀಟರ್ ಅಗಲದ ಡಿಶ್. ಇಷ್ಟು ಸಣ್ಣದನ್ನ ಹತ್ತಾರು ಜನ ಒಟ್ಟಿಗೆ ಹೆಂಗೆ ಬಳಸೋದು ಅನ್ನೋದೇ ದೊಡ್ಡ ಪ್ರಯೋಗ.

ಮಕ್ಕಳಿಗೆ ಹೇಳೋವಾಗ ಹಿಂಗೆ ಹೇಳಿ. ಬೀದಿ ನಲ್ಲಿ ಒಂದೇ, ಕೊಡ ಹತ್ತು, ಒಬ್ಬೊಬ್ಬರಿಗೆ ಒಂದೊಂದು ನಿಮಿಷ ಅಂತ ಪಾಳಿ ಮಾಡಿದ್ರೆ ಅದು ಸಮಯ ಹಂಚ್ಕೊಳ್ಳೋದು. ಒಂದೇ ಕೆರೆ, ಬೇರೆ ಬೇರೆ ತೂಬು, ಒಂದೊಂದು ಬಯಲಿಗೆ ಒಂದೊಂದು ಅಂದ್ರೆ ಫ್ರೀಕ್ವೆನ್ಸಿ ಹಂಚ್ಕೊಳ್ಳೋದು. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಗದ್ದಲದಲ್ಲಿ ತಮಿಳು, ತೆಲುಗು, ಹಿಂದಿ ಎಲ್ಲಾ ಒಟ್ಟಿಗೆ ಕೇಳ್ತಿದ್ರೂ ಯಾರೋ ‘ಲೇ ಇಲ್ಲಿ ಬಾರೋ’ ಅಂದ್ರೆ ನಮ್ಮ ಕಿವಿ ಅದನ್ನೇ ಹೆಕ್ಕಿ ತೆಗೆಯುತ್ತಲ್ಲ, ಅದು ಕೋಡ್ ಹಂಚ್ಕೊಳ್ಳೋದು. ಮೂರನ್ನೂ ಆ್ಯಪಲ್ ಮೇಲೆ ಪ್ರಯೋಗ ಮಾಡಿ ನೋಡಿದ್ರು. ಆಮೇಲೆ ಒಂದು ಊರಿನ ಕಂಪ್ಯೂಟರಿಗೂ ಇನ್ನೊಂದು ಊರಿನ ಕಂಪ್ಯೂಟರಿಗೂ ಸ್ಯಾಟಲೈಟ್ ಮೂಲಕ ಕೊಂಡಿ, ಮಾಹಿತೀನ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಕಳಿಸೋ ಪ್ಯಾಕೆಟ್ ಸ್ವಿಚಿಂಗು. 1981ರಲ್ಲಿ ನಮ್ಮೂರಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯ್ತಿದ್ರು, ಅದನ್ನ ನೆನಪಲ್ಲಿಟ್ಕೊಂಡು ಈ ಸಾಲು ಇನ್ನೊಂದ್ಸಲ ಓದಿ.

ಒಂದು ಸಣ್ಣ ಲೆಕ್ಕಾನೂ ಮಾಡಿಸಿ, ಮಕ್ಕಳು ಖುಷಿ ಪಡ್ತಾರೆ. ಮೇಲೆ 36,000, ಕೆಳಗೆ 36,000, ಒಟ್ಟು 72,000 ಕಿ.ಮೀ. ಸಿಗ್ನಲ್ಲು ಸೆಕೆಂಡಿಗೆ 3,00,000 ಕಿ.ಮೀ. ಹೋಗುತ್ತೆ. ಭಾಗಿಸಿದ್ರೆ ಹತ್ತಿರ ಹತ್ತಿರ ಕಾಲು ಸೆಕೆಂಡ್. ನೀವು ‘ಹಲೋ’ ಅಂದು ಆ ಕಡೆಯೋರು ‘ಹಲೋ’ ಅಂದಿದ್ದು ಕೇಳೋಕೆ ಅರ್ಧ ಸೆಕೆಂಡ್. ಟಿವಿಯಲ್ಲಿ ದೂರದ ಊರಿನ ರಿಪೋರ್ಟರ್ ಪ್ರಶ್ನೆ ಕೇಳಿದ ಮೇಲೂ ಸುಮ್ನೆ ತಲೆ ಆಡಿಸ್ತಾ ನಿಂತಿರ್ತಾರಲ್ಲ, ಅದರಲ್ಲಿ ಈ ಅರ್ಧ ಸೆಕೆಂಡೂ ಸೇರಿರುತ್ತೆ.

ಹಾಸನದ ಕೇಂದ್ರದಿಂದ ಆ್ಯಪಲ್ ಕಂಟ್ರೋಲ್ ಮಾಡ್ತಿದ್ರಾ? (ಅರಸೀಕೆರೆ ಓದುಗರು)

ಇಲ್ಲ, ಹಾಸನದ ಮಾಸ್ಟರ್ ಕಂಟ್ರೋಲ್ ಕೇಂದ್ರ 1982ರಲ್ಲಿ ಇನ್ಸಾಟ್ ಅನ್ನೋ ನಮ್ಮ ಸಂಪರ್ಕ ಸ್ಯಾಟಲೈಟ್‌ಗಳ ಸಲುವಾಗಿ ಶುರು ಆಗಿದ್ದು. ಮೊದಲಿನ ಇನ್ಸಾಟ್‌ಗಳನ್ನ ಅಮೆರಿಕದಿಂದ ಮಾಡಿಸಿ ತಂದ್ವಿ. 1992ರ ಜುಲೈನಲ್ಲಿ ಹಾರಿದ ಇನ್ಸಾಟ್-2ಎ ಬೆಂಗಳೂರಲ್ಲೇ ಕಟ್ಟಿದ್ದು, ಆ್ಯಪಲ್‌ನಲ್ಲಿ ಕಲಿತ ಕೈಗಳ ಕೆಲಸ.

ಈಗ ಆ್ಯಪಲ್ ಎಲ್ಲಿದೆ? ಕೆಳಗೆ ಬಿದ್ದು ಸುಟ್ಟು ಹೋಯ್ತಾ? (ಹುಬ್ಬಳ್ಳಿಯ ಓದುಗರು)

ಬಿದ್ದಿಲ್ಲ. ಆರ್ಯಭಟ ಭೂಮಿಗೆ ಹತ್ತಿರ ಇತ್ತು, ಅಲ್ಲಿ ತೆಳುವಾದ್ರೂ ಗಾಳಿ ತಗಲುತ್ತೆ, ತಗಲಿ ತಗಲಿ ಕೆಳಗಿಳಿದು 1992ರಲ್ಲಿ ವಾತಾವರಣಕ್ಕೆ ಬಂತು. ಆ್ಯಪಲ್ ಇರೋ ಎತ್ತರದಲ್ಲಿ ಗಾಳಿ ಅನ್ನೋದು ಇಲ್ವೇ ಇಲ್ಲ, ಅದು ಇನ್ನೂ ಎಷ್ಟೋ ತಲೆಮಾರು ಮೇಲೇ ಇರುತ್ತೆ, ಕರೆಂಟಿಲ್ಲದೆ, ಮಾತಿಲ್ಲದೆ.

ಆದ್ರೆ ಸುಮ್ನೆ ಒಂದೇ ಜಾಗದಲ್ಲಿ ನಿಂತಿರಲ್ಲ. ಭೂಮಿ ಪೂರ್ತಿ ದುಂಡಗಿಲ್ಲ, ಹಂಗಾಗಿ ಅದರ ಸೆಳೆತಾನೂ ಎಲ್ಲಾ ಕಡೆ ಒಂದೇ ಸಮ ಇಲ್ಲ. ಭೂಸ್ಥಿರ ಕಕ್ಷೇಲಿ ನೂಕೋರಿಲ್ಲದೆ ಬಿಟ್ಟ ಸ್ಯಾಟಲೈಟ್‌ಗಳನ್ನ ಈ ಸೆಳೆತ ಎರಡು ತಗ್ಗಿನ ಕಡೆಗೆ ಎಳೀತಾ ಇರುತ್ತೆ, ಗುಂಡೀಲಿ ಬಿಟ್ಟ ಗೋಲಿ ಆ ಕಡೆ ಈ ಕಡೆ ಓಲಾಡೋ ಹಾಗೆ ಅವು ಆ ತಗ್ಗಿನ ಸುತ್ತ ವರ್ಷಗಟ್ಟಲೆ ಓಲಾಡ್ತವೆ. ಎರಡು ತಗ್ಗಲ್ಲಿ ಒಂದು ಇರೋದು 75 ಡಿಗ್ರಿ ಪೂರ್ವ ರೇಖಾಂಶದ ಹತ್ತಿರ. ನಿಮ್ಮ ಮನೇಲಿ ಅಟ್ಲಾಸ್ ಇದ್ರೆ ತೆಗೆದು ಆ ಗೆರೆ ಮೇಲೆ ಬೆರಳಿಟ್ಟು ಕನ್ಯಾಕುಮಾರಿ ಕಡೆಯಿಂದ ಮೇಲಕ್ಕೆ ಬನ್ನಿ, ಹುಬ್ಬಳ್ಳಿ ಸಿಗುತ್ತೆ.